ರಾತ್ರಿ 3 ಗಂಟೆಗೆ ಎಚ್ಚರವಾಗುತ್ತಿದ್ದ ಅಕ್ಕ: ಇಡೀ ಮನುಷ್ಯರನ್ನು ನೋಡುವ ಥೆರಪಿಯ ಒಂದು ಪ್ರಕರಣ

ಈ ಪ್ರಕರಣ ಬರೆಯಲು ಅವರ ಒಪ್ಪಿಗೆ ಇದೆ. ಬರೆದದ್ದನ್ನು ಅವರು ಓದಿದ್ದಾರೆ, ಎರಡು ಕಡೆ ತಿದ್ದಿಸಿದ್ದಾರೆ ಕೂಡ. ವಯಸ್ಸು, ಕೆಲಸ, ಮನೆಯವರ ವಿವರ ಎಲ್ಲವನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ. ಹೆಸರು ಬೇಡ. ಮನೆಯಲ್ಲೂ ಆಫೀಸಿನಲ್ಲೂ ಎಲ್ಲರ ಬಾಯಲ್ಲಿ ಅವರು 'ಅಕ್ಕ'. ಇಲ್ಲೂ ಹಾಗೇ ಕರೆಯುತ್ತೇನೆ.

ನಾನು ದೊಡ್ಡವರಿಗೆ ಒಬ್ಬೊಬ್ಬರಿಗೇ ಥೆರಪಿ ಮಾಡುವ ಮನಶ್ಶಾಸ್ತ್ರಜ್ಞೆ. ಲಕ್ಷಣ ಒಂದನ್ನೇ ಹಿಡಿದುಕೊಂಡು ಕೂರದೆ ಇಡೀ ಮನುಷ್ಯರನ್ನು ನೋಡಬೇಕು ಅನ್ನುವುದು ನನ್ನ ಕೆಲಸದ ರೀತಿ. ದೇಹ, ನಿದ್ದೆ, ಯೋಚನೆ, ಸಂಬಂಧ, ನಂಬಿಕೆ, ದಿನಚರಿ ಎಲ್ಲವನ್ನೂ ಕೇಳುತ್ತೇನೆ. ಈ ಪ್ರಕರಣದಲ್ಲೂ ಎಲ್ಲವನ್ನೂ ಕೇಳಿದೆ. ಆದರೂ ಎರಡೂವರೆ ತಿಂಗಳು ಅವರ ಒಂದು ಮುಖ್ಯವಾದ ಭಾಗ ನನಗೆ ಕಾಣಲೇ ಇಲ್ಲ. ಅದು ಕಾಣದ ಹಾಗೆ ಮಾಡಿದ್ದು ನಾನೇ ಆಡಿದ ಒಂದು ಮಾತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರು ಬಂದಾಗ

ಅಕ್ಕನಿಗೆ 46 ವರ್ಷ. ಲೆಕ್ಕಪತ್ರ ನೋಡುವ ಕೆಲಸ. ಮದುವೆ ಆಗಿಲ್ಲ, ಒಬ್ಬರೇ ಇರುತ್ತಾರೆ. ಆರು ತಿಂಗಳಿಂದ ಎದೆ ಡವಡವ ಅನ್ನುತ್ತಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಕೆಲವೊಮ್ಮೆ ಸುಮ್ನೆ ಕೂತಾಗಲೂ ಬಡಿತ ಜೋರಾಗಿ, ಏನೋ ಆಗಿಬಿಡುತ್ತೆ ಅನ್ನುವ ಭಯ. ಇಸಿಜಿ, ಎಕೋ, ದಿನವಿಡೀ ಕಟ್ಟಿಕೊಳ್ಳುವ ಹೋಲ್ಟರ್ ಎಲ್ಲವೂ ಆಗಿತ್ತು. ಹೃದಯದಲ್ಲಿ ತೊಂದರೆ ಇಲ್ಲ, ಆತಂಕ ಇರಬಹುದು, ಥೆರಪಿಗೆ ಹೋಗಿ ಎಂದು ಹೃದಯದ ಡಾಕ್ಟರು ಕಳಿಸಿದ್ದರು.

ಜೊತೆಗೆ ನಿದ್ದೆ ಇಲ್ಲ. ರಾತ್ರಿ ನಡುವೆ ಎಚ್ಚರವಾದರೆ ಮತ್ತೆ ಒಂದೂವರೆ ಗಂಟೆ ನಿದ್ದೆ ಬರುತ್ತಿರಲಿಲ್ಲ. ಯಾವುದರಲ್ಲೂ ಮನಸ್ಸಿಲ್ಲ. ಆಫೀಸಿನಲ್ಲಿ ತಪ್ಪು ಮಾಡದವರು ತಪ್ಪು ಮಾಡತೊಡಗಿದ್ದರು.

ಹಿನ್ನೆಲೆ ಹೀಗಿತ್ತು. ಅವರ ತಾಯಿಗೆ ಸ್ಟ್ರೋಕ್ ಆಗಿ ಆರು ವರ್ಷ ನರಳಿದರು. ಕೊನೆಯ ನಾಲ್ಕು ವರ್ಷ ಪೂರ್ತಿ ಹಾಸಿಗೆಯಲ್ಲೇ. ಹಗಲು ಒಬ್ಬರು ಸಹಾಯಕ್ಕೆ ಬರುತ್ತಿದ್ದರು. ಬೆಳಗ್ಗೆ, ಸಂಜೆ, ರಾತ್ರಿ ಎಲ್ಲ ಅಕ್ಕನೇ. ತಮ್ಮ ಬೇರೆ ಊರಿನಲ್ಲಿ, ದುಡ್ಡು ಕಳಿಸುತ್ತಿದ್ದ, ವರ್ಷಕ್ಕೆ ಎರಡು ಸಲ ಬರುತ್ತಿದ್ದ. ನನ್ನ ಬಳಿ ಬರುವ ಹೊತ್ತಿಗೆ ತಾಯಿ ತೀರಿಕೊಂಡು 14 ತಿಂಗಳಾಗಿತ್ತು.

ಮೊದಲ ದಿನ ಎರಡು ಪ್ರಶ್ನಾವಳಿ ಕೊಟ್ಟೆ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9ರಲ್ಲಿ 27ಕ್ಕೆ 16 ಬಂತು. ಆತಂಕ ಅಳೆಯುವ ಜಿಎಡಿ-7ರಲ್ಲಿ 21ಕ್ಕೆ 13. ಎರಡರಲ್ಲೂ ಅಂಕ ಜಾಸ್ತಿ ಇದ್ದಷ್ಟೂ ತೊಂದರೆ ಜಾಸ್ತಿ. ಪಿಎಚ್‌ಕ್ಯೂ-9ರ ಕೊನೆಯ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಅದಕ್ಕೆ ಅವರು ಸೊನ್ನೆ ಹಾಕಿರಲಿಲ್ಲ. ಅಲ್ಲಿ ನಿಲ್ಲಿಸಿ ನೇರವಾಗಿ ಕೇಳಿದೆ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾಗುತ್ತೆ ಎಂದು ಹೆದರುವವರು ಇನ್ನೂ ಇದ್ದಾರೆ, ಅದು ತಪ್ಪು. "ಬೆಳಗ್ಗೆ ಎದ್ದೇಳದೇ ಇದ್ದಿದ್ರೆ ಚೆನ್ನಾಗಿತ್ತು ಅನ್ಸುತ್ತೆ ಮೇಡಂ, ಅಷ್ಟೇ. ನಾನಾಗಿ ಏನೂ ಮಾಡ್ಕೊಳಲ್ಲ" ಎಂದರು. ಆ ಯೋಚನೆ ಜೋರಾದರೆ ಯಾರಿಗೆ ಫೋನ್ ಮಾಡುತ್ತಾರೆ, ಎಲ್ಲಿಗೆ ಹೋಗುತ್ತಾರೆ ಅನ್ನುವುದನ್ನು ಇಬ್ಬರೂ ಕೂತು ಬರೆದೆವು. ಮುಂದಿನ ಪ್ರತಿ ಸೆಷನ್ನಿನಲ್ಲೂ ಅದನ್ನು ತಪ್ಪದೆ ಕೇಳಿದೆ.

ಇದು ದುಃಖವೇ ಗಟ್ಟಿಯಾಗಿ ಕೂತ ಸ್ಥಿತಿಯಾ ಅನ್ನುವ ಪ್ರಶ್ನೆ ಸಹಜವಾಗಿಯೇ ಬಂತು. ಮನಸ್ಸಿನ ಕಾಯಿಲೆಗಳನ್ನು ಗುರುತಿಸಲು ಬಳಸುವ, 2022ರಲ್ಲಿ ಬಂದ ಅಮೆರಿಕದ ಕೈಪಿಡಿ ಡಿಎಸ್‌ಎಂ-5-ಟಿಆರ್‌ನಲ್ಲಿ ದೀರ್ಘಕಾಲದ ಶೋಕವನ್ನು ಬೇರೆಯೇ ಒಂದು ತೊಂದರೆಯಾಗಿ ಸೇರಿಸಿದ್ದಾರೆ. ದೊಡ್ಡವರಲ್ಲಿ ಸಾವಾಗಿ 12 ತಿಂಗಳು ಕಳೆದಿರಬೇಕು. ತೀರಿಕೊಂಡವರಿಗಾಗಿ ತೀವ್ರ ಹಂಬಲ, ಇಲ್ಲವೇ ಅವರದೇ ಯೋಚನೆ, ಹೆಚ್ಚುಕಮ್ಮಿ ದಿನವೂ ಇರಬೇಕು. ಅಕ್ಕನಿಗೆ ತಿಂಗಳೇನೋ ಕಳೆದಿತ್ತು. ಹಂಬಲ ಮಾತ್ರ ಕಾಣಲಿಲ್ಲ. ಅಮ್ಮನ ಬಗ್ಗೆ ಕೇಳಿದರೆ ಆಫೀಸಿನ ವರದಿ ಓದಿದ ಹಾಗೆ ಹೇಳುತ್ತಿದ್ದರು: ಇಷ್ಟು ಹೊತ್ತಿಗೆ ಮಾತ್ರೆ, ಇಷ್ಟು ಹೊತ್ತಿಗೆ ಸ್ನಾನ. ಹಾಗಾಗಿ ಆ ಹೆಸರು ಹಾಕದೆ ಬಿಟ್ಟೆ. ಆ ತೀರ್ಮಾನ ಸರಿಯಾಗಿತ್ತು. ಹಂಬಲ ಯಾಕೆ ಕಾಣುತ್ತಿಲ್ಲ ಎಂದು ಮುಂದಕ್ಕೆ ಕೇಳದೆ ಇದ್ದದ್ದು ಸರಿಯಾಗಿರಲಿಲ್ಲ.

ಎರಡನೇ ಸೆಷನ್ನಿನಲ್ಲಿ ನಾನು ಆ ಮಾತು ಆಡಿದೆ. ಆರು ವರ್ಷದ ಕತೆ ಕೇಳಿ ನಿಜಕ್ಕೂ ಮನಸ್ಸು ತುಂಬಿ ಬಂದಿತ್ತು. "ಎಷ್ಟು ಚೆನ್ನಾಗಿ ನೋಡಿಕೊಂಡಿದ್ದೀರಿ. ಇಂಥ ಮಗಳು ಸಿಗುವುದು ಕಷ್ಟ" ಎಂದೆ. ಅವರು ಸಣ್ಣಗೆ ನಕ್ಕು ತಲೆ ತಗ್ಗಿಸಿದರು. ಒಳ್ಳೆಯ ಮಾತೇ ಆಡಿದೆ ಎಂದುಕೊಂಡೆ.

ಮೊದಲ ಐದು ವಾರ

ಮೊದಲು ಮಾಡಿದ್ದೆಲ್ಲ ಪುಸ್ತಕದ ಪ್ರಕಾರವೇ. ಎದೆಬಡಿತ ಜೋರಾದಾಗ ಭಯ, ಭಯವಾದಾಗ ಬಡಿತ ಇನ್ನೂ ಜೋರು, ಈ ಸುತ್ತನ್ನು ಚಿತ್ರ ಬರೆದು ತೋರಿಸಿದೆ. ನಿಧಾನವಾಗಿ ಹೊಟ್ಟೆಯಿಂದ ಉಸಿರಾಡುವುದನ್ನು ಕಲಿಸಿದೆ. ಮೊದಲು ಖುಷಿ ಕೊಡುತ್ತಿದ್ದ ಕೆಲಸಗಳನ್ನು ಪಟ್ಟಿ ಮಾಡಿಸಿ ವಾರಕ್ಕೆ ಎರಡನ್ನಾದರೂ ಮಾಡಿ ಎಂದೆ.

ನಿದ್ದೆಗೆ ಎರಡು ವಾರದ ದಿನಚರಿ ಬರೆಸಿದೆ. ಆಮೇಲೆ ನಿದ್ದೆಯ ಥೆರಪಿಯಲ್ಲಿ ಎಲ್ಲರೂ ಬಳಸುವ ನಿಯಮ ಕೊಟ್ಟೆ. ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್‌ಜಿನ್ 1972ರಲ್ಲಿ ಹೇಳಿದ ಪದ್ಧತಿ ಇದು. ಹಾಸಿಗೆ ಇರುವುದು ನಿದ್ದೆಗೆ. 15-20 ನಿಮಿಷ ನಿದ್ದೆ ಬರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಬೇಕು, ಕಣ್ಣು ಎಳೆದಾಗ ಮಾತ್ರ ವಾಪಸ್ ಬರಬೇಕು. ಬೆಳಗ್ಗೆ ಏಳುವ ಸಮಯ ದಿನಾ ಒಂದೇ. ಹಾಸಿಗೆ ಎಂದರೆ ಎಚ್ಚರ ಅನ್ನುವ ನಂಟು ಕಳಚಿ, ಹಾಸಿಗೆ ಎಂದರೆ ನಿದ್ದೆ ಅನ್ನುವ ನಂಟು ಬೆಳೆಯಲಿ ಅನ್ನುವುದು ಇದರ ಲೆಕ್ಕ. ಬಹಳ ಜನರಿಗೆ ಚೆನ್ನಾಗಿ ಕೆಲಸ ಮಾಡುತ್ತೆ.

ಅಕ್ಕ ಹೇಳಿದ್ದನ್ನೆಲ್ಲ ಮಾಡಿದರು. ಒಂದೂ ಬಿಡಲಿಲ್ಲ. ಹಾಳೆಗಳನ್ನು ಫೈಲಿಗೆ ಹಾಕಿ ತರುತ್ತಿದ್ದರು, ದಿನಾಂಕದ ಸಮೇತ. ಐದನೇ ವಾರ ಪಿಎಚ್‌ಕ್ಯೂ-9 ಇಳಿದದ್ದು ಬರೀ 14ಕ್ಕೆ. ಆತಂಕದ ಅಂಕ 12. ಇಷ್ಟು ಶ್ರದ್ಧೆಯಿಂದ ಮಾಡುವವರಿಗೆ ಇಷ್ಟು ಕಡಿಮೆ ಫಲ ಸಿಕ್ಕರೆ, ಎಲ್ಲೋ ನಮ್ಮ ತಿಳಿವಳಿಕೆಯಲ್ಲೇ ಲೋಪ ಇದೆ ಎಂದು ಅರ್ಥ.

ಆರನೇ ಸೆಷನ್ನಿನಲ್ಲಿ ಅವರು ಮೊದಲ ಸಲ ಸ್ವಲ್ಪ ಗಡುಸಾಗಿ ಮಾತಾಡಿದರು. "ಖುಷಿ ಕೊಡೋ ಕೆಲಸ ಅಂತ ಪಟ್ಟಿ ಮಾಡಿದ್ವಲ್ಲ ಮೇಡಂ, ಅದೂ ಒಂದು ಕೆಲಸಾನೇ ಆಗೋಯ್ತು. ಬಟ್ಟೆ ಒಗೆದು ಹರಡಿದ್ರೆ ಸಾಕು, ಕೂತ್ಕೊಬೇಕು ಅನ್ಸುತ್ತೆ. ಮೈಯಲ್ಲಿ ಏನೂ ಇಲ್ಲ."

ಮೈಯಲ್ಲಿ ಏನೂ ಇಲ್ಲ. ಅಲ್ಲಿಯವರೆಗೆ ಅದನ್ನು ಖಿನ್ನತೆಯ ಭಾಷೆ ಎಂದೇ ಕೇಳಿಸಿಕೊಂಡಿದ್ದೆ. ಆ ದಿನ ಮೈಯ ಭಾಷೆಯಾಗಿ ಕೇಳಿಸಿಕೊಂಡೆ.

ರಕ್ತದ ರಿಪೋರ್ಟು

ಹೃದಯದ ಪರೀಕ್ಷೆ ಆಗಿದೆ ಎಂದಾಕ್ಷಣ ದೇಹದ ಪರೀಕ್ಷೆಯೇ ಮುಗಿಯಿತು ಎಂದುಕೊಂಡಿದ್ದೆ. ಹೃದಯ ಸರಿಯಿದೆ ಎಂದರೆ ದೇಹವೆಲ್ಲ ಸರಿಯಿದೆ ಎಂದಲ್ಲ, ಅಲ್ವಾ? ಮುಟ್ಟಿನ ಬಗ್ಗೆ ಕೇಳಿದೆ. ಎರಡು ವರ್ಷದಿಂದ ಒಂಬತ್ತು ಹತ್ತು ದಿನ ಹೋಗುತ್ತಿತ್ತಂತೆ, ಅದೂ ವಿಪರೀತ. ಅಮ್ಮನ ಆರೈಕೆಯ ನಡುವೆ ತನ್ನ ಬಗ್ಗೆ ಯಾರಿಗೂ ಹೇಳಿರಲಿಲ್ಲ, ಆಮೇಲೆ ಯಾರೂ ಕೇಳಿರಲಿಲ್ಲ. ಮೊದಲ ದಿನದ ನನ್ನ ಪ್ರಶ್ನೆಗಳಲ್ಲಿ "ದೈಹಿಕ ತೊಂದರೆ ಏನಾದರೂ?" ಎಂದು ಇತ್ತು. ಅದಕ್ಕೆ ಅವರು "ಎದೆಬಡಿತ ಬಿಟ್ಟರೆ ಇಲ್ಲ" ಎಂದಿದ್ದರು. ಹೀಗೆ ಅಗಲವಾಗಿ ಕೇಳಿದರೆ ಉತ್ತರವೂ ಹೀಗೇ ಬರುತ್ತೆ.

ಪತ್ರ ಬರೆದು ಒಬ್ಬ ಸಾಮಾನ್ಯ ವೈದ್ಯರ ಬಳಿ ಕಳಿಸಿದೆ. ಹಿಮೋಗ್ಲೋಬಿನ್ 8.9. ಗರ್ಭಿಣಿ ಅಲ್ಲದ ಹೆಂಗಸರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗಡಿ 12. ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶ ತೋರಿಸುವ ಫೆರಿಟಿನ್ ತಳ ಮುಟ್ಟಿತ್ತು. ಥೈರಾಯ್ಡ್ ಸರಿಯಾಗಿತ್ತು. ಸ್ತ್ರೀರೋಗ ತಜ್ಞರು ನೋಡಿ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇದೆ, ರಕ್ತ ಹೋಗುತ್ತಿರುವುದು ಅದರಿಂದ ಎಂದರು.

ರಕ್ತ ಕಡಿಮೆಯಾದರೆ ಇರುವ ರಕ್ತದಲ್ಲೇ ಆಮ್ಲಜನಕ ಸಾಗಿಸಲು ಹೃದಯ ಜಾಸ್ತಿ ಬಡಿದುಕೊಳ್ಳಬೇಕು. ಎದೆ ಡವಡವ, ಏದುಸಿರು, ಸುಸ್ತು, ಗಮನ ನಿಲ್ಲದಿರುವುದು ಎಲ್ಲವೂ ಅದರಿಂದ ಬರಬಹುದು. ನಾನು ಐದು ವಾರದಿಂದ "ಇದು ಬರೀ ಆತಂಕದ ಬಡಿತ, ಅಪಾಯ ಇಲ್ಲ" ಎಂದು ಹೇಳಿಕೊಡುತ್ತಿದ್ದೆ. ಅದರಲ್ಲಿ ಅರ್ಧ ಮಾತ್ರ ನಿಜ. ಅವರಲ್ಲಿ ಕ್ಷಮೆ ಕೇಳಿದೆ.

ಇಲ್ಲಿ ಒಂದು ತೀರ್ಮಾನ ಮಾಡಬೇಕಿತ್ತು. ಥೆರಪಿಯ ಹೋಂವರ್ಕನ್ನು ಮುಂದುವರಿಸಬೇಕಾ, ನಿಲ್ಲಿಸಬೇಕಾ? ನಿಲ್ಲಿಸಿದೆ. ಖುಷಿಯ ಪಟ್ಟಿ, ಯೋಚನೆಗಳನ್ನು ಬರೆದಿಡುವ ಹಾಳೆ ಎಲ್ಲ ಬಂದ್. ನಿದ್ದೆಯ ನಿಯಮ ಮಾತ್ರ ಇರಲಿ ಎಂದೆ. ರಕ್ತವೇ ಇಲ್ಲದವರಿಗೆ ಉತ್ಸಾಹ ತಂದುಕೊಳ್ಳಿ ಎಂದು ಹೇಳಿ, ಆಗದೇ ಇದ್ದಾಗ ಅದನ್ನೂ ತನ್ನದೇ ಸೋಲು ಎಂದು ಅವರು ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಬೇಡವಾಗಿತ್ತು. ಸೆಷನ್ ಮಾತ್ರ ವಾರವಾರ ಇಟ್ಟುಕೊಂಡೆವು. ಬಂದು ಕೂತು ಮಾತಾಡಿದರೆ ಸಾಕು ಎಂದೆ. ಅಮ್ಮನನ್ನು ಎತ್ತಿ ಎತ್ತಿ ಹಿಡಿದುಕೊಂಡಿದ್ದ ಸೊಂಟಕ್ಕೆ ಫಿಸಿಯೋಥೆರಪಿ ಶುರುವಾಯಿತು. ಅಕ್ಕನ ಲಿಖಿತ ಒಪ್ಪಿಗೆ ಪಡೆದು, ಇಬ್ಬರು ವೈದ್ಯರು, ಫಿಸಿಯೋಥೆರಪಿಸ್ಟ್ ಈ ಮೂವರ ಜೊತೆಗೂ ಏನನ್ನು ಹಂಚಿಕೊಳ್ಳಬಹುದು, ಏನನ್ನು ಹಂಚಿಕೊಳ್ಳಬಾರದು ಎಂದು ಗೆರೆ ಎಳೆದುಕೊಂಡೆ. ಮುಟ್ಟಿನ ವಿಷಯ ಹೇಳಬಹುದು. ತಮ್ಮನ ವಿಷಯ ಬೇಡ.

ಕಬ್ಬಿಣಾಂಶದ ಮಾತ್ರೆ ರಾತ್ರೋರಾತ್ರಿ ಕೆಲಸ ಮಾಡುವುದಿಲ್ಲ. ಹಿಮೋಗ್ಲೋಬಿನ್ ಏರಲು ವಾರಗಳು ಬೇಕು, ಖಾಲಿಯಾದ ದಾಸ್ತಾನು ತುಂಬಲು ತಿಂಗಳುಗಳೇ ಬೇಕು. ಇದನ್ನು ಮೊದಲೇ ಹೇಳಿದ್ದರಿಂದ ಅವರು ಕಾಯಲು ತಯಾರಾದರು. ಹನ್ನೊಂದನೇ ವಾರದ ಹೊತ್ತಿಗೆ ಮೆಟ್ಟಿಲಿನ ಏದುಸಿರು ಬಹಳ ಕಡಿಮೆಯಾಗಿತ್ತು. ಪಿಎಚ್‌ಕ್ಯೂ-9 ಹತ್ತಕ್ಕೆ ಬಂತು. ಸಾವಿನ ಯೋಚನೆಯ ಪ್ರಶ್ನೆಗೆ ಸೊನ್ನೆ.

ಮತ್ತೆ ಅಲ್ಲೇ ನಿಂತುಬಿಟ್ಟಿತು. ನಿದ್ದೆ ಒಂದಿಷ್ಟೂ ಬದಲಾಗಿರಲಿಲ್ಲ.

ಕಾರಣ ಸಿಕ್ಕಿತು, ಮಾತ್ರೆ ಶುರುವಾಯಿತು ಎಂದು ಇಲ್ಲಿಗೇ ಮುಗಿಸಿಬಿಡುವ ಆಸೆ ಬರುತ್ತೆ. ನನಗೂ ಬಂತು. ರಕ್ತಹೀನತೆಯೇ ಎಲ್ಲಕ್ಕೂ ಮೂಲ ಎಂದುಕೊಂಡಿದ್ದರೆ, ಮೊದಲು ಆತಂಕವೇ ಎಲ್ಲಕ್ಕೂ ಮೂಲ ಎಂದುಕೊಂಡು ಮಾಡಿದ ತಪ್ಪನ್ನೇ ಬೇರೆ ಹೆಸರಲ್ಲಿ ಮಾಡಿದಂತಾಗುತ್ತಿತ್ತು. ಜಾರ್ಜ್ ಎಂಗೆಲ್ ಅನ್ನುವ ವೈದ್ಯರು 1977ರಲ್ಲಿ ದೇಹ, ಮನಸ್ಸು, ಸಮಾಜ ಮೂರನ್ನೂ ಒಟ್ಟಿಗೆ ನೋಡಬೇಕು ಎಂದು ಬರೆದಾಗ, ಅವರ ತಕರಾರು ಇದ್ದದ್ದು ಎಲ್ಲವನ್ನೂ ಒಂದೇ ಕಾರಣಕ್ಕೆ ಇಳಿಸುವ ಅಭ್ಯಾಸದ ಮೇಲೆ. ವೈದ್ಯರು ದೇಹಕ್ಕೆ ಇಳಿಸುತ್ತಾರೆ. ನಮ್ಮಂಥವರು ಮನಸ್ಸಿಗೆ ಇಳಿಸುತ್ತೇವೆ.

ಎದ್ದು ಎಲ್ಲಿಗೆ ಹೋಗುತ್ತೀರಿ?

ಈ ಹಂತದಲ್ಲಿ ಪ್ರಕರಣವನ್ನು ನನ್ನ ಮೇಲ್ವಿಚಾರಕಿಯ, ಅಂದರೆ ನನ್ನ ಕೆಲಸ ನೋಡಿ ಸಲಹೆ ಕೊಡುವ ಹಿರಿಯ ಥೆರಪಿಸ್ಟರ ಮುಂದೆ ಇಟ್ಟೆ. ನಾನು ಮುಕ್ಕಾಲು ಗಂಟೆ ವಿವರಿಸಿದೆ. ಅವರು ಕೇಳಿದ್ದು ಒಂದೇ: "ಇಷ್ಟೆಲ್ಲ ಹೇಳಿದಿರಲ್ಲ, ಆರು ವರ್ಷದಲ್ಲಿ ಅವರಿಗೆ ಅಮ್ಮನ ಮೇಲೆ ಸಿಟ್ಟು ಬಂದ ವಿಷಯ ಒಂದು ಸಲವೂ ಬರಲಿಲ್ಲವಲ್ಲ?"

ಮನೆಗೆ ಬಂದು ನಿದ್ದೆಯ ದಿನಚರಿಯ ಹಾಳೆಗಳನ್ನು ಮತ್ತೆ ತೆಗೆದೆ. ಮೊದಲ ಸಲ ನೋಡಿದಾಗ ಸರಾಸರಿ ಲೆಕ್ಕ ಹಾಕಿದ್ದೆ. ಒಟ್ಟು ಎಷ್ಟು ಗಂಟೆ ನಿದ್ದೆ, ಹಾಸಿಗೆಯಲ್ಲಿ ಎಷ್ಟು ಹೊತ್ತು, ಎಷ್ಟು ಶೇಕಡಾ. ಈ ಸಲ ಎಚ್ಚರವಾದ ಸಮಯವನ್ನು ಒಂದೊಂದಾಗಿ ಓದಿದೆ. 2:55. 3:05. 3:00. 2:50. 3:10. ಮೊದಲ 14 ರಾತ್ರಿಯಲ್ಲಿ 12 ರಾತ್ರಿ ಎಚ್ಚರವಾಗಿದ್ದು 2:50ರಿಂದ 3:10ರ ಒಳಗೆ. ನಿದ್ದೆ ಕೆಟ್ಟವರ ದಿನಚರಿ ಸಾಮಾನ್ಯವಾಗಿ ಇಷ್ಟು ಶಿಸ್ತಾಗಿ ಇರುವುದಿಲ್ಲ. ಆ ಅಂಕಿಗಳು ಎರಡು ತಿಂಗಳಿಂದ ನನ್ನ ಕೈಯಲ್ಲೇ ಇದ್ದವು.

ಮುಂದಿನ ಸೆಷನ್ನಿನಲ್ಲಿ ಕೇಳಿದೆ. "ಮೂರು ಗಂಟೆಗೆ ಮನೆಯಲ್ಲಿ ಮೊದಲು ಏನಾಗ್ತಿತ್ತು?"

"ಅಮ್ಮನ ಮಗ್ಗುಲು ಬದಲಿಸೋ ಹೊತ್ತು ಅದು" ಎಂದರು ಒಡನೆಯೇ. ಹಾಸಿಗೆ ಹಿಡಿದವರಿಗೆ ಬೆನ್ನಲ್ಲಿ ಹುಣ್ಣಾಗದಂತೆ ಆಗಾಗ ಮಗ್ಗುಲು ಬದಲಿಸಬೇಕು. ರಾತ್ರಿ ಒಂದಕ್ಕೆ, ಮೂರಕ್ಕೆ, ಐದಕ್ಕೆ. ಒಂದರವರೆಗೆ ಅವರು ಎದ್ದೇ ಇರುತ್ತಿದ್ದರು, ಐದಕ್ಕೆ ಹೇಗೂ ಏಳಲೇಬೇಕು. ನಡುವೆ ನಿದ್ದೆ ಮುರಿದು ಏಳಬೇಕಾಗಿದ್ದು ಮೂರು ಗಂಟೆಗೆ. ನಾಲ್ಕು ವರ್ಷ, ಅಲಾರಂ ಇಟ್ಟುಕೊಂಡು. ಕೊನೆಗೆ ಅಲಾರಂ ಬೇಕಾಗಿರಲಿಲ್ಲ.

ಮತ್ತೊಂದು ಪ್ರಶ್ನೆ ಕೇಳಿದೆ. ಇದನ್ನು ನಿಯಮ ಕೊಟ್ಟ ದಿನವೇ ಕೇಳಬೇಕಿತ್ತು. "ನಿದ್ದೆ ಬರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ ಅಂದಿದ್ದೆನಲ್ಲ. ಎಲ್ಲಿಗೆ ಹೋಗ್ತೀರಿ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇರೋದು ಎರಡೇ ಕೋಣೆ ಮೇಡಂ. ಇನ್ನೊಂದು ಅಮ್ಮಂದು. ಅಲ್ಲಿ ಕುರ್ಚಿ ಇದೆ. ಹಾಸಿಗೆ ಪಕ್ಕ. ಅಲ್ಲೇ ಕೂತ್ಕೋತೀನಿ."

ಮಂಚ, ಹಾಸಿಗೆ ಎಲ್ಲ ಹಾಗೇ ಇತ್ತು. ದೀಪ ಹಾಕದೆ ಕೂರುತ್ತಿದ್ದರು. ಅಂದರೆ ನಾನು ಪುಸ್ತಕ ನೋಡಿ ಕೊಟ್ಟ ನಿಯಮ, ಪ್ರತಿ ರಾತ್ರಿ ಮೂರು ಗಂಟೆಗೆ ಅವರನ್ನು ಆ ಖಾಲಿ ಹಾಸಿಗೆಯ ಪಕ್ಕಕ್ಕೆ ಕಳಿಸುತ್ತಿತ್ತು. ಅವರು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು.

ಆ ನಿಯಮವನ್ನು ಅಲ್ಲೇ ಕೈಬಿಡಿ ಎನ್ನಬಹುದಿತ್ತು. ಹಾಗೆ ಹೇಳಲು ಬಾಯಿ ತೆರೆದೆ ಕೂಡ. ಆದರೆ ಆ ಕುರ್ಚಿಯಲ್ಲಿ ಏನು ನಡೆಯುತ್ತೆ ಎಂದು ಗೊತ್ತಿಲ್ಲದೆ ಅದನ್ನು ಕಿತ್ತುಕೊಳ್ಳುವುದು ಸರಿಯಲ್ಲ ಅನ್ನಿಸಿತು. "ಅಲ್ಲಿ ಕೂತಾಗ ಏನು ಮಾಡ್ತೀರಿ?" ಎಂದೆ. "ಏನಿಲ್ಲ" ಎಂದರು. ಅವತ್ತು ಅಷ್ಟೇ. ಒತ್ತಾಯ ಮಾಡಲಿಲ್ಲ.

ಆ ರಾತ್ರಿಯ ಮಾತು

ಹದಿಮೂರನೇ ಸೆಷನ್. ಕೂತವರು ಐದು ನಿಮಿಷ ಆಫೀಸಿನ ವಿಷಯ ಮಾತಾಡಿದರು. ಆಮೇಲೆ, ಯಾವ ಪೀಠಿಕೆಯೂ ಇಲ್ಲದೆ, ಅಮ್ಮ ತೀರಿಕೊಂಡ ರಾತ್ರಿಯ ವಿಷಯ ಶುರು ಮಾಡಿದರು. ಮೂರು ಗಂಟೆಗೆ ಎದ್ದು ಹೋಗಿದ್ದರು. ಮಗ್ಗುಲು ಬದಲಿಸಲು ಹೆಗಲಿಗೆ ಕೈ ಹಾಕಿದಾಗ ಗೊತ್ತಾಯಿತು. ಮೈ ತಣ್ಣಗಿತ್ತು.

"ಆಗ ನನಗೆ ಮೊದಲು ಬಂದ ಯೋಚನೆ ಏನ್ಗೊತ್ತಾ ಮೇಡಂ? ಇನ್ಮೇಲೆ ಮೂರು ಗಂಟೆಗೆ ಏಳೋದು ಬೇಡ ಅಂತ. ಅಳು ಆಮೇಲೆ ಬಂತು. ಮೊದಲು ಬಂದಿದ್ದು ಅದು."

ಹದಿನೇಳು ತಿಂಗಳು ಈ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ.

ನನ್ನ ಬಾಯಿಗೆ ಬಂದದ್ದು, ಎಲ್ಲರ ಬಾಯಿಗೂ ಬರುವಂಥದ್ದೇ: ಅದು ಸಹಜ, ವರ್ಷಗಟ್ಟಲೆ ಆರೈಕೆ ಮಾಡಿದವರಿಗೆ ಹಾಗೆ ಅನ್ನಿಸುತ್ತೆ, ತಪ್ಪು ಅಂದುಕೊಳ್ಳಬೇಡಿ. ನಿಜವೇ. ಆದರೂ ಹೇಳಲಿಲ್ಲ. ಅಷ್ಟು ಬೇಗ ಸಮಾಧಾನ ಹೇಳಿದರೆ ಆ ಮಾತನ್ನು ಅವರ ಕೈಯಿಂದ ಕಿತ್ತು ಮುಚ್ಚಿಟ್ಟಂತೆ ಆಗುತ್ತಿತ್ತು. ಸುಮ್ಮನಿದ್ದೆ. ಅವರು ನನ್ನ ಮುಖ ನೋಡಿ ಕೇಳಿದರು.

"ಈಗಲೂ ಹೇಳ್ತೀರಾ, ಇಂಥ ಮಗಳು ಸಿಗೋದು ಕಷ್ಟ ಅಂತ?"

ನಾನು ಮರೆತೇಬಿಟ್ಟಿದ್ದ ಮಾತು. ಅವರು ಒಂದಕ್ಷರ ಮರೆತಿರಲಿಲ್ಲ. ಸಂಬಂಧಿಕರು, ಆಫೀಸಿನವರು ಎಲ್ಲರೂ ಅದನ್ನೇ ಹೇಳಿದ್ದರು. ಇಲ್ಲಾದರೂ ಬೇರೆ ಏನಾದರೂ ಹೇಳಬಹುದು ಎಂದು ಬಂದಿದ್ದರು. ಎರಡನೇ ದಿನವೇ ನಾನೂ ಅದನ್ನೇ ಹೇಳಿದೆ. ಅಂಥ ಮಗಳ ಜಾಗದಲ್ಲಿ ಕೂತು, ಅಮ್ಮ ಸತ್ತಾಗ ನಿರಾಳ ಅನ್ನಿಸಿತು ಎಂದು ಯಾರಾದರೂ ಹೇಗೆ ಹೇಳುತ್ತಾರೆ?

"ಆ ಮಾತು ನಾನು ಆಡಬಾರದಿತ್ತು" ಎಂದೆ. "ನನಗೆ ನಿಮ್ಮ ಕತೆ ಪೂರ್ತಿ ಗೊತ್ತಿರಲಿಲ್ಲ. ಗೊತ್ತಿಲ್ಲದೆ ತೀರ್ಪು ಕೊಟ್ಟೆ. ಅದರಿಂದ ನಿಮಗೆ ಇದನ್ನ ಹೇಳೋದು ಇನ್ನೂ ಕಷ್ಟ ಆಯ್ತು." ಅವರು ತುಂಬ ಹೊತ್ತು ಅತ್ತರು. ಸೆಷನ್ ಮುಗಿಯುವ ಹೊತ್ತಿಗೆ ಸಿಟ್ಟೂ ಬಂತು. ಮೊದಲು ನನ್ನ ಮೇಲೆ, ಆಮೇಲೆ ತಮ್ಮನ ಮೇಲೆ, ಕೊನೆಗೆ, ದನಿ ತಗ್ಗಿಸಿ, ಅಮ್ಮನ ಮೇಲೆ. ಬೇಕೆಂದೇ ಬಟ್ಟಲು ಬೀಳಿಸುತ್ತಿದ್ದರಂತೆ ಅಮ್ಮ. ಒಂದು ಸಲ ಅಕ್ಕ ಕೈಯೆತ್ತಿ, ಹೊಡೆಯದೆ, ಆಚೆ ಹೋಗಿ ಬಾಗಿಲು ಹಾಕಿಕೊಂಡು ನಿಂತಿದ್ದರು.

ಕಾರ್ಲ್ ರೋಜರ್ಸ್ ಅನ್ನುವ ಮನಶ್ಶಾಸ್ತ್ರಜ್ಞ 1957ರಲ್ಲಿ ಥೆರಪಿ ಫಲಿಸಲು ಬೇಕಾದ ಸ್ಥಿತಿಗಳ ಬಗ್ಗೆ ಬರೆದ ಲೇಖನವನ್ನು ನಮ್ಮ ಓದಿನ ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಅದರಲ್ಲಿ ಒಂದು, ಷರತ್ತಿಲ್ಲದ ಆದರ. ಹೊಗಳಿಕೆಯನ್ನು ಅದರ ಹತ್ತಿರದ ನಂಟ ಎಂದುಕೊಂಡಿದ್ದೆ. ಅಲ್ಲ. ಹೊಗಳಿಕೆಯಲ್ಲಿ ಷರತ್ತು ಇದೆ. ಹೀಗಿದ್ದೀರಿ ಅದಕ್ಕೇ ಮೆಚ್ಚಿದೆ ಎಂದರೆ, ಹೀಗಿರದಿದ್ದರೆ ಮೆಚ್ಚುತ್ತಿರಲಿಲ್ಲ ಎಂದೂ ಕೇಳಿಸುತ್ತೆ. ಬಾಳಿಡೀ 'ಅಕ್ಕ' ಆಗಿಯೇ ಬೆಳೆದವರಿಗೆ ಅದು ಇನ್ನೂ ಜೋರಾಗಿ ಕೇಳಿಸುತ್ತೆ.

ಆಮೇಲೆ

ಮುಂದಿನ ಒಂಬತ್ತು ಸೆಷನ್ ಸುಲಭವಾಗಿತ್ತು ಎನ್ನಲಾರೆ. ಹದಿನಾಲ್ಕನೇ ವಾರ ಅವರು ಬರಲೇ ಇಲ್ಲ. ಹೇಳಿದ್ದಕ್ಕೆ ನಾಚಿಕೆಯಾಗಿತ್ತಂತೆ. ನಾನು ಒಂದು ಚಿಕ್ಕ ಸಂದೇಶ ಕಳಿಸಿ, ಅದೇ ಹೊತ್ತಿನಲ್ಲಿ ಮುಂದಿನ ವಾರ ಕಾಯುತ್ತಿರುತ್ತೇನೆ ಎಂದೆ. ಬಂದರು.

ಸ್ಟ್ರೋಬ ಮತ್ತು ಶುಟ್ ಎಂಬ ಸಂಶೋಧಕರು 1999ರಲ್ಲಿ ಹೇಳಿದ ಒಂದು ವಿಚಾರ ಇಲ್ಲಿ ಕೈಹಿಡಿಯಿತು. ದುಃಖದಲ್ಲಿರುವವರು ಕಳೆದುಕೊಂಡದ್ದರ ಕಡೆಗೂ, ಮುಂದಿನ ಬದುಕಿನ ಕಡೆಗೂ ಹೋಗಿ ಬಂದು ಮಾಡುತ್ತಾರೆ, ಆ ಓಡಾಟವೇ ಆರೋಗ್ಯ ಎಂದು ಅವರ ವಾದ. ಅಕ್ಕನಲ್ಲಿ ಆ ಓಡಾಟವೇ ನಿಂತಿತ್ತು. ಹಗಲು ಪೂರ್ತಿ ಕೆಲಸ, ಮೂರು ಗಂಟೆಗೆ ಕುರ್ಚಿ. ಹಗಲಿಗೆ ದುಃಖ ಇಲ್ಲ, ರಾತ್ರಿಗೆ ಬದುಕು ಇಲ್ಲ. ಹಾಗಾಗಿ ದುಃಖಕ್ಕೆ ಹಗಲಿನಲ್ಲೇ ಒಂದು ಜಾಗ ಮಾಡಿದೆವು. ಸಂಜೆ ಆರೂವರೆಗೆ ಅರ್ಧ ಗಂಟೆ ಅಮ್ಮನ ಕೋಣೆಯಲ್ಲಿ, ದೀಪ ಹಾಕಿ ಕೂರುವುದು. ಅಳಬಹುದು, ಬೈಯಬಹುದು, ಸುಮ್ಮನೆ ಇರಬಹುದು. ಅವರಾಗಿಯೇ ಅಮ್ಮನ ಜೊತೆ ಜೋರಾಗಿ ಮಾತಾಡತೊಡಗಿದರು. ರಾತ್ರಿ ಎಚ್ಚರವಾದರೆ ಮಾತ್ರ ಆ ಕೋಣೆ ಬೇಡ, ತನ್ನ ಕೋಣೆಯ ಕಿಟಕಿ ಪಕ್ಕ ಸಾಕು ಎಂದು ಇಬ್ಬರೂ ಒಪ್ಪಿದೆವು. ಬೂಟ್‌ಜಿನ್ ನಿಯಮವೇ, ಜಾಗ ಮಾತ್ರ ಬೇರೆ. ನಾಲ್ಕು ವಾರದಲ್ಲಿ ಮೂರು ಗಂಟೆಯ ಎಚ್ಚರ ವಾರಕ್ಕೆ ಎರಡಕ್ಕೆ ಇಳಿಯಿತು.

ತಮ್ಮನ ಜೊತೆ ಮಾತಾಡಬೇಕು ಅನ್ನುವುದು ಅವರದೇ ತೀರ್ಮಾನ. ಏನು ಹೇಳಬೇಕು ಎಂದು ಎರಡು ಸೆಷನ್ ತಯಾರಿ ಮಾಡಿದೆವು. ಮಾತು ಅರ್ಧ ಮಾತ್ರ ಫಲಿಸಿತು. "ನೀನು ಯಾರನ್ನೂ ಹತ್ತಿರ ಬಿಡ್ತಿರಲಿಲ್ಲ ಅಕ್ಕ, ನಾನು ಬಂದಾಗ್ಲೂ ಎಲ್ಲ ನೀನೇ ಮಾಡ್ತಿದ್ದೆ" ಎಂದನಂತೆ ಅವನು. ಅವರಿಗೆ ಸಿಟ್ಟು ಬಂತು, ಫೋನ್ ಇಟ್ಟರು. ಎರಡು ವಾರ ಬಿಟ್ಟು ನನ್ನ ಮುಂದೆ, "ಅವನು ಹೇಳಿದ್ರಲ್ಲಿ ಸ್ವಲ್ಪ ನಿಜ ಇದೆ, ಸ್ವಲ್ಪ ಮಾತ್ರ" ಎಂದರು. ಕ್ಷಮಿಸಿ ಎಂದು ನಾನು ಹೇಳಲಿಲ್ಲ. ಅದು ನನ್ನ ಕೆಲಸ ಅಲ್ಲ.

ಪ್ರಾರ್ಥನೆ ಮಾಡುವುದನ್ನು ಅವರು ಬಿಟ್ಟಿದ್ದರು, ಮತ್ತೆ ಶುರು ಮಾಡಲಿಲ್ಲ. ಅದರ ಬಗ್ಗೆ ಒಂದು ಸಲ ಮಾತಾಡಿದೆವು. ಬೇಸರ ಏನಿಲ್ಲ ಎಂದರು. ಅಲ್ಲಿಗೆ ಬಿಟ್ಟೆ.

ಖುಷಿಯ ಕೆಲಸದ ಪಟ್ಟಿ ಮತ್ತೆ ತೆಗೆಯಲೇ ಇಲ್ಲ. ಹದಿನೆಂಟನೇ ವಾರ ಅವರು ವಾರಕ್ಕೊಮ್ಮೆ ಸೇರಿ ಹಾಡುವ ಒಂದು ಗುಂಪಿಗೆ ಹೋದರು. ನನಗೆ ಹೇಳಿದ್ದು ಮೂರು ವಾರ ಕಳೆದ ಮೇಲೆ. ಹಾಳೆಯಲ್ಲಿ ಬರೆದು ತರಲಿಲ್ಲ. ಅದು ನನಗಾಗಿ ಮಾಡಿದ್ದಲ್ಲ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಇಪ್ಪತ್ತೆರಡನೇ ಸೆಷನ್ನಿಗೆ ಮುಗಿಸಿದೆವು. ಪಿಎಚ್‌ಕ್ಯೂ-9 ನಾಲ್ಕು, ಜಿಎಡಿ-7 ಮೂರು. ಹಿಮೋಗ್ಲೋಬಿನ್ 12ರ ಗಡಿ ದಾಟಿತ್ತು.

ನಾನು ಈಗ ಬೇರೆ ಥರ ಮಾಡುವುದು

ಇದೇ ಕೆಲಸ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಡೀ ಮನುಷ್ಯರನ್ನು ನೋಡುವುದು ಎಂದರೆ ಥೆರಪಿಗೆ ಒಂದಿಷ್ಟು ವ್ಯಾಯಾಮ, ಒಂದಿಷ್ಟು ಉಸಿರಾಟ, ಒಂದಿಷ್ಟು ಧ್ಯಾನ ಸೇರಿಸಿ ಕಟ್ಟಿ ಕೊಡುವುದು ಎಂದು ಬಹಳ ಕಡೆ ಆಗಿಬಿಟ್ಟಿದೆ. ನನ್ನ ಮೊದಲ ಐದು ವಾರವೂ ಹೆಚ್ಚುಕಮ್ಮಿ ಹಾಗೇ ಇತ್ತು. ಎಲ್ಲ ಖಾನೆ ತುಂಬಿತ್ತು, ಯಾವುದಕ್ಕೂ ಇನ್ನೊಂದರ ಜೊತೆ ನಂಟು ಇರಲಿಲ್ಲ. ಮೂರು ಗಂಟೆಯ ಎಚ್ಚರ ದೇಹದ ಖಾನೆಗೆ ಸೇರುತ್ತಾ, ಮನಸ್ಸಿನದ್ದಾ, ಸಂಬಂಧದ್ದಾ? ಹಾಗೆ ಭಾಗ ಮಾಡಲು ಬರುವುದೇ ಇಲ್ಲ. ನಾಲ್ಕು ವರ್ಷ ಮೈ ಕಲಿತ ಅಭ್ಯಾಸ ಅದು, ತಪ್ಪಿಗೆ ತಾನೇ ವಿಧಿಸಿಕೊಂಡ ಶಿಕ್ಷೆ ಅದು, ಅಮ್ಮನ ಜೊತೆ ಉಳಿದಿದ್ದ ಒಂದೇ ಭೇಟಿಯೂ ಅದೇ.

ಈಗ ನಾನು ಹೊಸಬರಿಗೆ ಸುಸ್ತು, ಎದೆಬಡಿತ, ನಿದ್ದೆ ಯಾವುದೇ ಇರಲಿ, ರಕ್ತ ಪರೀಕ್ಷೆ ಯಾವಾಗ ಆಯಿತು ಎಂದು ಮೊದಲ ವಾರದಲ್ಲೇ ಕೇಳುತ್ತೇನೆ, ರಿಪೋರ್ಟು ಕಣ್ಣಾರೆ ನೋಡುತ್ತೇನೆ. ಮುಟ್ಟು, ಗೊರಕೆ, ಮಾತ್ರೆಗಳು, ಎಲ್ಲವನ್ನೂ ಹೆಸರು ಹಿಡಿದು ಕೇಳುತ್ತೇನೆ. ಯಾವ ನಿಯಮ ಕೊಟ್ಟರೂ ಅದನ್ನು ಅವರ ಮನೆಯಲ್ಲಿ, ಯಾವ ಕೋಣೆಯಲ್ಲಿ, ಯಾವ ಕುರ್ಚಿಯಲ್ಲಿ ಮಾಡುತ್ತಾರೆ ಎಂದು ಕೇಳುತ್ತೇನೆ. ಹಾಳೆಗಳಲ್ಲಿ ಸರಾಸರಿಗಿಂತ ಮೊದಲು ಒಂದೊಂದು ಸಾಲು ಓದುತ್ತೇನೆ. ಹೇಳಿದ್ದನ್ನೆಲ್ಲ ಮಾಡಿಕೊಂಡು ಬರುವವರು ಸಿಕ್ಕರೆ ಖುಷಿಪಡುವ ಮೊದಲು ಸ್ವಲ್ಪ ನಿಲ್ಲುತ್ತೇನೆ.

ಹೊಗಳಬೇಕು ಅನ್ನಿಸಿದಾಗ ತಡೆಯುತ್ತೇನೆ. ಇದು ಈಗಲೂ ಕಷ್ಟ, ಯಾಕೆಂದರೆ ಹೊಗಳಿಕೆ ಮನಸ್ಸಿನಿಂದಲೇ ಬಂದಿರುತ್ತೆ. ಅದರ ಬದಲು ಕೇಳುತ್ತೇನೆ: "ಇದರಲ್ಲಿ ಯಾರಿಗೂ ಹೇಳೋಕಾಗದ್ದು ಏನಾದರೂ ಇದೆಯಾ? ಇವತ್ತೇ ಹೇಳಬೇಕು ಅಂತೇನಿಲ್ಲ."

ಆರು ತಿಂಗಳ ಬಳಿಕ ಅಕ್ಕ ಒಮ್ಮೆ ಬಂದಿದ್ದರು, ಈ ಬರಹದ ಮೊದಲ ಕರಡು ಓದಲು. ಮಂಚ ಕೊಟ್ಟುಬಿಟ್ಟಿದ್ದರು. ಕುರ್ಚಿ ಇಟ್ಟುಕೊಂಡಿದ್ದರು, ಈಗ ಅದು ಕಿಟಕಿ ಪಕ್ಕ ಇದೆಯಂತೆ. ಫೈಬ್ರಾಯ್ಡಿಗೆ ಚಿಕಿತ್ಸೆ ನಡೆಯುತ್ತಿತ್ತು. ಅವರು ತಿದ್ದಿಸಿದ ಎರಡು ಜಾಗಗಳಲ್ಲಿ ಒಂದು ನಿದ್ದೆಯದ್ದು. "ಈಗ ಮೂರು ಗಂಟೆಗೆ ಎಚ್ಚರವಾಗುವುದಿಲ್ಲ" ಎಂದು ಬರೆದಿದ್ದೆ. ಪೆನ್ನು ತೆಗೆದುಕೊಂಡು ಅದನ್ನು ಹೊಡೆದು ಹಾಕಿದರು.

"ಆಗುತ್ತೆ ಮೇಡಂ, ತಿಂಗಳಿಗೆ ಒಂದ್ಸಲ, ಎರಡು ಸಲ. ಅಮ್ಮ ಅಂತ ಒಂದ್ಸಲ ಕರೀತೀನಿ. ಆಮೇಲೆ ಮಗ್ಗುಲು ಬದಲಿಸ್ಕೊಂಡು ಮಲಗ್ತೀನಿ."